ಒಂದೇ ಗುಡ್ಡ, ಮೂರು ಬೇಡಿಕೆ: ‘ಎಷ್ಟು ಜನ’ ಅನ್ನುವುದಕ್ಕೆ ಮೊದಲು ಕೇಳಬೇಕಾದ್ದು

ಪ್ರಶ್ನೆ: ನಮ್ಮ ಹತ್ತಿರ ದೊಡ್ಡದೊಂದು ಸಾರ್ವಜನಿಕ ಜಾಗ ಇದೆ. ಗುಡ್ಡ, ಕಾಡು, ಕೆಳಗೊಂದು ಕೆರೆ. ಪ್ರಾಣಿ–ಪಕ್ಷಿಗಳ ಬಗ್ಗೆ ಕಾಳಜಿ ಇರುವವರು ಇದನ್ನು ಮುಚ್ಚಿ ಅನ್ನುತ್ತಾರೆ. ಚಾರಣಕ್ಕೆ, ಸೈಕಲ್ ಓಡಿಸಲು ಬರುವವರು ಇನ್ನಷ್ಟು ತೆರೆಯಿರಿ ಅನ್ನುತ್ತಾರೆ. ಮೇವು, ಸೌದೆಗೆ ಇದನ್ನೇ ನಂಬಿದವರು ‘ಹಾಗಾದ್ರೆ ನಾವೆಲ್ಲಿಗೆ ಹೋಗೋದು’ ಅಂತ ಕೇಳುತ್ತಾರೆ. ಇದನ್ನು ಬಗೆಹರಿಸಲು ಮಾಡಿದ ಸಮಿತಿಯಲ್ಲಿ ನಾನೂ ಇದ್ದೇನೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದರೆ ಸಾಕಾ? ಇಲ್ಲ, ಜಾಗವನ್ನು ಮೂರು ಪಾಲು ಮಾಡಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಎರಡು ಉಪಾಯ ಇವೆ. ಒಂದು ತಲೆ ಎಣಿಸುವುದು, ಇನ್ನೊಂದು ಪಾಲು ಹಂಚುವುದು. ಮುಂದೆ ಎರಡೂ ಬೇಕಾಗಬಹುದು. ಆದರೆ ಅಲ್ಲಿಂದಲೇ ಶುರು ಮಾಡಬೇಡಿ. ಹಾಗೆ ಶುರು ಮಾಡಿದ ಸಭೆಗಳು ಬೇಗ ಚೌಕಾಸಿಗೆ ಇಳಿಯುತ್ತವೆ. ಒಬ್ಬರು ಇನ್ನೂರು ಅನ್ನುತ್ತಾರೆ, ಇನ್ನೊಬ್ಬರು ಸಾವಿರ ಅನ್ನುತ್ತಾರೆ, ಕೊನೆಗೆ ಐನೂರಕ್ಕೆ ಮಾತು ನಿಲ್ಲುತ್ತದೆ. ಐನೂರೇ ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಕಾರಣ ಇಲ್ಲದ ನಿಯಮವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ.

ಮೊದಲು ಕೇಳಬೇಕಾದ್ದು ಬೇರೆಯೇ. ಈ ಜಾಗ ಹೇಗಿರಬೇಕು? ಕೆರೆಯ ದಂಡೆ ಹೇಗಿರಬೇಕು, ಗುಡ್ಡದ ಇಳಿಜಾರು ಹೇಗಿರಬೇಕು, ಕಾಡಿನ ನೆಲ ಹೇಗಿರಬೇಕು? ಜನ ಬಂದ ಮೇಲೆ ಒಂದಿಷ್ಟು ಬದಲಾವಣೆ ಆಗಿಯೇ ಆಗುತ್ತದೆ. ಅದರಲ್ಲಿ ಎಷ್ಟನ್ನು ಒಪ್ಪಿಕೊಳ್ಳುತ್ತೀರಿ? ಯಾವ ಗೆರೆ ದಾಟಿದರೆ ಕೈ ಹಾಕುತ್ತೀರಿ? ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 1985ರಲ್ಲಿ ಇದನ್ನೇ ಒಂದು ವಿಧಾನವಾಗಿ ಬರೆದಿಟ್ಟರು. ಮೊಂಟಾನಾದ ಬಾಬ್ ಮಾರ್ಷಲ್ ಎಂಬ ಕಾಡುಪ್ರದೇಶದಲ್ಲಿ, ಅಲ್ಲಿಗೆ ಬರುವವರನ್ನೂ ಕೂರಿಸಿಕೊಂಡು, ಮೊದಲ ಸಲ ದೊಡ್ಡದಾಗಿ ಮಾಡಿ ನೋಡಿದರು. ಅದಕ್ಕೂ ಮುಂಚೆ ಬಹಳ ವರ್ಷ ಎಲ್ಲರೂ ‘ಈ ಜಾಗ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ’ ಅನ್ನುವ ಒಂದು ಅಂಕಿಯನ್ನೇ ಹುಡುಕುತ್ತಿದ್ದರು. ಅಂಥ ಅಂಕಿ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅನ್ನುವುದು ನೆಲ ನೋಡಿದರೆ ಗೊತ್ತಾಗುತ್ತದೆ.

ತುಳಿತದ ಬಗ್ಗೆ ಒಂದು ಸರಳ ಪ್ರಯೋಗ ಇದೆ. ಯಾರೂ ನಡೆದಿರದ ನೆಲದಲ್ಲಿ ಅರ್ಧ ಮೀಟರ್ ಅಗಲದ ಪಟ್ಟಿಗಳನ್ನು ಗುರುತು ಮಾಡುತ್ತಾರೆ. ಒಂದು ಪಟ್ಟಿಯ ಮೇಲೆ 25 ಸಲ ನಡೆಯುತ್ತಾರೆ, ಇನ್ನೊಂದರ ಮೇಲೆ 75 ಸಲ, ಮತ್ತೊಂದರ ಮೇಲೆ 200, ಕೊನೆಯದರ ಮೇಲೆ 500. ಒಂದನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ಎರಡು ವಾರ ಬಿಟ್ಟು ಒಮ್ಮೆ, ಒಂದು ವರ್ಷ ಬಿಟ್ಟು ಇನ್ನೊಮ್ಮೆ ಎಷ್ಟು ಹಸಿರು ಉಳಿದಿದೆ ಅಂತ ಅಳೆಯುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ಇದನ್ನು ಮಾಡಿದ್ದಾರೆ. ಎರಡು ಪಟ್ಟು ತುಳಿದರೆ ಎರಡು ಪಟ್ಟು ಹಾನಿ ಆಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಾಗುವುದಿಲ್ಲ. ದೊಡ್ಡ ಏಟು ಬೀಳುವುದು ಮೊದಮೊದಲ ಹೆಜ್ಜೆಗಳಲ್ಲೇ. ಮರದ ನೆರಳಿನಲ್ಲಿ ಬೆಳೆಯುವ ಅಗಲ ಎಲೆಯ ಮೆತ್ತನೆ ಗಿಡಗಳು ಹತ್ತಾರು ನಡಿಗೆಗೇ ಮಲಗಿಬಿಡುತ್ತವೆ. ಬಿಸಿಲಿನಲ್ಲಿ ಬೆಳೆಯುವ ಹುಲ್ಲು ಎಷ್ಟೋ ಜಾಸ್ತಿ ತಡೆದುಕೊಳ್ಳುತ್ತದೆ. ಒಂದು ಹಂತ ದಾಟಿದ ಮೇಲೆ ಹಾಳಾಗಲು ಉಳಿದಿರುವುದೇ ಕಡಿಮೆ. ಅಲ್ಲಿ ಇನ್ನೂ ನೂರು ಜನ ನಡೆದರೂ ವ್ಯತ್ಯಾಸ ಸಣ್ಣದು.

ಹಾಗಾಗಿ, ಆಗಲೇ ಸವೆದು ಗಟ್ಟಿಯಾದ ಹಾದಿಯಲ್ಲಿ ಜನರನ್ನು ಅರ್ಧಕ್ಕೆ ಇಳಿಸಿದರೆ ನೆಲಕ್ಕೆ ಹೆಚ್ಚು ಲಾಭ ಇಲ್ಲ. ಅದೇ ಜನರನ್ನು ‘ಒಂದೇ ಕಡೆ ಬೇಡ, ಹರಡಿಕೊಳ್ಳಿ’ ಅಂತ ಕಳಿಸಿದರೆ ಕೇಡೇ ಜಾಸ್ತಿ. ಇಪ್ಪತ್ತು ಹೊಸ ಕಾಲುದಾರಿ ಹುಟ್ಟುತ್ತವೆ. ಜಾಸ್ತಿ ಜನ ಬರುವ ಕಡೆ ಅವರನ್ನು ಒಂದೇ ಗಟ್ಟಿ ಹಾದಿಯಲ್ಲಿ ಹಿಡಿದಿಡುವುದೇ ನೆಲಕ್ಕೆ ಒಳ್ಳೆಯದು. ತೀರಾ ಒಳಗಿನ, ಅಪರೂಪಕ್ಕೆ ಯಾರೋ ಹೋಗುವ ಜಾಗದ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿ ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರ ಹೆಜ್ಜೆ ಬೀಳದೇ ಇರುವುದೇ ಮೇಲು.

ಇನ್ನೊಂದನ್ನು ನೀವೇ ಹೋಗಿ ನೋಡಿ. ಮಳೆ ನಿಂತ ಮರುದಿನ ಬೆಳಿಗ್ಗೆ ನಿಮ್ಮ ಗುಡ್ಡದ ಹಾದಿಯಲ್ಲಿ ನಡೆಯಿರಿ. ಎಲ್ಲೋ ಒಂದು ಕಡೆ ಹಾದಿಯ ನಡುವೆ ನೀರು ನಿಂತಿರುತ್ತದೆ. ಬಂದವರು ಬೂಟು ನೆನೆಯಬಾರದು ಅಂತ ಪಕ್ಕಕ್ಕೆ ಹೆಜ್ಜೆ ಇಡುತ್ತಾರೆ. ಪಕ್ಕದ ಹುಲ್ಲು ಸಾಯುತ್ತದೆ, ಅಲ್ಲೂ ಕೆಸರಾಗುತ್ತದೆ. ಮುಂದೆ ಬಂದವರು ಇನ್ನೂ ಪಕ್ಕಕ್ಕೆ ಸರಿಯುತ್ತಾರೆ. ನಾನು ಟೇಪು ಹಿಡಿದು ಅಳೆದ ಒಂದು ಹಾದಿ ಒಣಗಿದ ಕಡೆ ಎರಡು ಅಡಿ ಇತ್ತು, ಕೆಸರಿದ್ದ ಕಡೆ ಹದಿನೆಂಟು ಅಡಿ ಆಗಿತ್ತು. ಅದೇ ಜನ, ಅದೇ ದಿನ. ಅಲ್ಲಿ ಬೇಕಾಗಿದ್ದದ್ದು ಗೇಟಿನಲ್ಲಿ ಟಿಕೆಟ್ ಕಡಿಮೆ ಮಾಡುವುದಲ್ಲ. ನೀರು ಪಕ್ಕಕ್ಕೆ ಹರಿದುಹೋಗಲು ಒಂದು ಓರೆ ಕಾಲುವೆ, ಕಾಲಿಡಲು ಏಳೆಂಟು ಚಪ್ಪಟೆ ಕಲ್ಲು.

ಹಾದಿಯ ಶತ್ರು ಕಾಲಿಗಿಂತ ಹೆಚ್ಚಾಗಿ ನೀರು. ಇಳಿಜಾರಿನಲ್ಲಿ ನೇರ ಕೆಳಗೆ ಇಳಿಯುವ ಹಾದಿ ಮಳೆಗಾಲದಲ್ಲಿ ಹಳ್ಳವಾಗುತ್ತದೆ. ಹಾದಿ ಮಾಡುವವರಲ್ಲಿ ಒಂದು ಸುಲಭ ಲೆಕ್ಕ ಇದೆ: ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ನೀರು ಹಾದಿಯನ್ನು ದಾಟಿ ಹೋಗುವ ಬದಲು ಹಾದಿಯಲ್ಲೇ ಓಡುತ್ತದೆ, ಮಣ್ಣನ್ನು ಹೊತ್ತು ಕೆರೆಗೆ ತುಂಬುತ್ತದೆ. ನಿಮ್ಮ ಕೆರೆಯಲ್ಲಿ ಹೂಳು ಜಾಸ್ತಿ ಆಗುತ್ತಿದ್ದರೆ ದನಗಳನ್ನು ಬೈಯುವ ಮುಂಚೆ ಮೇಲಿನ ಚಾರಣದ ಹಾದಿಯನ್ನೊಮ್ಮೆ ನೋಡಿ.

ಪ್ರಾಣಿಗಳ ವಿಚಾರಕ್ಕೆ ಬಂದರೂ ಬರೀ ಸಂಖ್ಯೆ ಪೂರ್ತಿ ಕಥೆ ಹೇಳುವುದಿಲ್ಲ. ಒಂದೇ ಹಾದಿಯಲ್ಲಿ ದಿನವೂ ಹಾದುಹೋಗುವ ಜನಕ್ಕೆ ಎಷ್ಟೋ ಪ್ರಾಣಿಗಳು ಹೊಂದಿಕೊಳ್ಳುತ್ತವೆ. ಹಾದಿ ಬಿಟ್ಟು ಪೊದೆಯೊಳಗೆ ನುಗ್ಗುವ ಒಬ್ಬನಿಗೆ, ಹಗ್ಗ ಬಿಚ್ಚಿದ ಒಂದು ನಾಯಿಗೆ ಹೆಚ್ಚು ಬೆದರುತ್ತವೆ. ಮೊಟ್ಟೆ ಇಟ್ಟು ಕೂತ ಹಕ್ಕಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಕಾಗೆಯ ಕಣ್ಣಿಗೆ ಬೀಳುತ್ತದೆ. ಆ ಕೆಲವು ವಾರ ಆ ಒಂದು ದಂಡೆಗೆ ಯಾರೂ ಹೋಗಬಾರದು. ಉಳಿದ ತಿಂಗಳು ಹೋದರೆ ತೊಂದರೆ ಇಲ್ಲ. ಯಾವ ಜಾಗ, ಯಾವ ಕಾಲ, ಯಾವ ನಡವಳಿಕೆ ಅನ್ನುವ ಮೂರನ್ನು ಹಿಡಿದುಕೊಂಡರೆ ‘ಪೂರ್ತಿ ಮುಚ್ಚು, ಪೂರ್ತಿ ತೆರೆ’ ಅನ್ನುವ ಜಗಳ ಮುಕ್ಕಾಲು ಪಾಲು ಕರಗುತ್ತದೆ.

ಥಾಯ್ಲೆಂಡಿನ ಮಾಯಾ ಬೇಯಲ್ಲಿ ಹೀಗೇ ಆಯಿತು. ಸಣ್ಣ ಕೊಲ್ಲಿ, ದಿನಕ್ಕೆ ಸಾವಿರಾರು ಜನ. ದೋಣಿಗಳು ನೇರ ಮರಳಿಗೇ ಬಂದು ಲಂಗರು ಹಾಕುತ್ತಿದ್ದವು, ಹವಳ ಪುಡಿಯಾಗುತ್ತಿತ್ತು. 2018ರಲ್ಲಿ ಅದನ್ನು ಪೂರ್ತಿ ಮುಚ್ಚಿದರು. ಹವಳ ನೆಟ್ಟರು. ಕಪ್ಪು ತುದಿ ರೆಕ್ಕೆಯ ಶಾರ್ಕ್‌ಗಳು ಕೊಲ್ಲಿಗೆ ಮರಳಿ ಬಂದವು. 2022ರ ಜನವರಿಯಲ್ಲಿ ತೆರೆದಾಗ ಜನರ ಮಿತಿ ಇತ್ತು, ನಿಜ. ಆದರೆ ಅದಷ್ಟೇ ಅಲ್ಲ. ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಗೆ ನಿಲ್ಲಬೇಕು. ಅಲ್ಲಿಂದ ಜನ ನಡೆದು ಬರಬೇಕು. ಅದಾದ ಮೇಲೂ ವರ್ಷಕ್ಕೊಮ್ಮೆ ಕೆಲವು ವಾರ ಮುಚ್ಚಿ ಜಾಗಕ್ಕೆ ಬಿಡುವು ಕೊಡುತ್ತಿದ್ದಾರೆ.

ಸ್ಕಾಟ್ಲೆಂಡಿನದು ಇನ್ನೊಂದು ತುದಿ. 2003ರ ಕಾನೂನಿನಂತೆ ಅಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಾದರೂ ಬಹುತೇಕ ಎಲ್ಲ ಬಯಲು, ಕಾಡು, ನೀರಿನ ಕಡೆ ಓಡಾಡಬಹುದು. ಅಷ್ಟು ತೆರೆದ ದೇಶದಲ್ಲೂ ಲಾಖ್ ಲೋಮಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಕೆಲವು ಸರೋವರದ ದಂಡೆಗಳು ಡೇರೆ, ಬೆಂಕಿ, ಕಸದಿಂದ ಹಾಳಾದವು. 2017ರಿಂದ ಆ ದಂಡೆಗಳಲ್ಲಿ ಮಾತ್ರ, ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಡೇರೆ ಹಾಕಲು ಪರವಾನಗಿ ಬೇಕು. ನಡೆಯುವ ಹಕ್ಕನ್ನು ಮುಟ್ಟಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ಸುಲಭದ ಭಾಗ. ಕಷ್ಟದ್ದು ನಿಮ್ಮ ಪ್ರಶ್ನೆಯ ಮೂರನೇ ಗುಂಪು. ಮೇವಿಗೆ, ಸೌದೆಗೆ ಬರುವವರು.

ಸಾಮಾನ್ಯವಾಗಿ ಇವರನ್ನು ಪಟ್ಟಿಯ ಕೊನೆಗೆ ಹಾಕುತ್ತಾರೆ. ಸಭೆಗೆ ಕರೆದರೂ ಎಲ್ಲ ತೀರ್ಮಾನ ಆದ ಮೇಲೆ ಕರೆಯುತ್ತಾರೆ. ಇದು ಅನ್ಯಾಯ. ಜಾಗದ ದೃಷ್ಟಿಯಿಂದ ದಡ್ಡತನವೂ ಹೌದು. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಕ್ಷಿಧಾಮದ ಕಥೆಯನ್ನು ನಿಮ್ಮ ಸಮಿತಿಯ ಪ್ರತಿಯೊಬ್ಬರೂ ತಿಳಿಯಬೇಕು. ಅಲ್ಲಿ ಸುತ್ತಲಿನ ಊರುಗಳ ಎಮ್ಮೆಗಳು ಜೌಗಿನಲ್ಲಿ ಮೇಯುತ್ತಿದ್ದವು. ಎಮ್ಮೆ ಮೇಯ್ದರೆ ಪಕ್ಷಿಗಳಿಗೆ ಕೇಡು ಅನ್ನುವುದು ಯಾರಿಗಾದರೂ ಮೊದಲು ಹೊಳೆಯುವ ಮಾತು. 1982ರಲ್ಲಿ ಮೇಯಿಸುವುದನ್ನು ನಿಷೇಧ ಮಾಡಿದರು. ಊರವರು ತಿರುಗಿಬಿದ್ದರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು.

ಆಮೇಲೆ ಆ ಜೌಗಿನಲ್ಲಿ ಏನಾಯಿತು? ಎಮ್ಮೆಗಳು ತಿನ್ನುತ್ತಿದ್ದ ಪಾಸ್ಪಲಮ್ ಎಂಬ ನೀರುಹುಲ್ಲು ತಡೆಯಿಲ್ಲದೆ ಬೆಳೆಯಿತು. ತೆರೆದ ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡಿತು. ಬಾತುಕೋಳಿಗಳಿಗೆ ಇಳಿಯಲು ನೀರು ಬೇಕು, ಮೀನಿಗೆ ಈಜಲು ಜಾಗ ಬೇಕು. ಎರಡೂ ಕಡಿಮೆಯಾದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ಹತ್ತು ವರ್ಷ ಅಧ್ಯಯನ ಮಾಡಿತು. ಎಮ್ಮೆಗಳು ಆ ಜೌಗನ್ನು ತೆರೆದಿಡುವ ಕೆಲಸ ಮಾಡುತ್ತಿದ್ದವು, ಅವು ಇಲ್ಲದಿರುವುದೇ ಪಕ್ಷಿಗಳಿಗೆ ತೊಂದರೆಯಾಗಿದೆ ಅನ್ನುವುದು ಅದರಿಂದ ಹೊರಬಂತು. ಆ ಎಮ್ಮೆ ಕಾಯುವವರು ಅದೇ ನೀರಿನಲ್ಲಿ ದಿನವೂ ಮೊಣಕಾಲುದ್ದ ನಿಂತವರು. ನಿಷೇಧ ಬರೆಯುವ ಮುಂಚೆ ಅವರ ಜೊತೆ ಒಂದು ವರ್ಷ ಓಡಾಡಿದ್ದರೆ? ಈ ಕಥೆ ನೆನಪಾದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಸತ್ತವರು ಅನ್ಯಾಯವಾಗಿ ಸತ್ತರು, ಪಕ್ಷಿಗಳಿಗೂ ಅದರಿಂದ ಒಳ್ಳೆಯದಾಗಲಿಲ್ಲ.

ಹಾಗಂತ ಎಲ್ಲ ಮೇವೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಕಡಿದಾದ ಇಳಿಜಾರಿನಲ್ಲಿ ಜಾಸ್ತಿ ಆಡು ಬಿಟ್ಟರೆ ಗುಡ್ಡ ಬೋಳಾಗುತ್ತದೆ. ಎಳೆ ಸಸಿ ಎದ್ದು ನಿಲ್ಲುವ ವರ್ಷಗಳಲ್ಲಿ ದನ ಬಿಟ್ಟರೆ ಕಾಡು ಮುಂದಿನ ತಲೆಮಾರಿಗೆ ಮುದಿಯಾಗುತ್ತದೆ. ಎಷ್ಟು ತಲೆ, ಯಾವ ತಿಂಗಳು, ಯಾವ ಇಳಿಜಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನು ಕೂತು ಲೆಕ್ಕ ಹಾಕಬೇಕು, ಮೇಯಿಸುವವರೂ ಜೊತೆಗಿರಬೇಕು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಒಂದು ಲೇಖನ ಬರೆದರು. ಎಲ್ಲರದ್ದೂ ಆದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ, ಮತ್ತೊಂದು ದನ ಅಂತ ಬಿಡುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲೇ ಇರುವುದಿಲ್ಲ ಅನ್ನುವುದು ಅದರ ವಾದ. ಸರ್ಕಾರವೇ ಹಿಡಿದುಕೊಳ್ಳಬೇಕು, ಇಲ್ಲವೇ ಖಾಸಗಿಯವರಿಗೆ ಕೊಡಬೇಕು ಅನ್ನುವವರಿಗೆಲ್ಲ ಅದು ಆಯುಧವಾಯಿತು. ಆದರೆ ಎಲಿನಾರ್ ಆಸ್ಟ್ರಮ್ ಎಂಬ ರಾಜಕೀಯ ವಿಜ್ಞಾನಿ ನಿಜವಾದ ಹುಲ್ಲುಗಾವಲು, ಕಾಡು, ನೀರಾವರಿ ಕಾಲುವೆಗಳ ಉದಾಹರಣೆ ಹುಡುಕಿ ಹೋದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಊರಿನಲ್ಲಿ 1517ರಿಂದ ಒಂದು ನಿಯಮ ಇತ್ತು. ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬೇಕು. ಎಷ್ಟು ಚೊಕ್ಕ ನೋಡಿ. ಯಾರೂ ಹುಲ್ಲನ್ನು ತೂಕ ಮಾಡಬೇಕಿಲ್ಲ. ನೆರೆಯವನ ಕೊಟ್ಟಿಗೆ ಎಲ್ಲರಿಗೂ ಕಾಣುತ್ತದೆ. ನಿಯಮ ಮುರಿದವರಿಗೆ ದಂಡ ಇತ್ತು, ದಂಡ ಹಾಕುವವರೂ ಊರವರೇ. ಇಂಥ ಕೆಲಸಕ್ಕೆ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು.

ಅವರು ಕಂಡದ್ದರಲ್ಲಿ ನಿಮಗೆ ನೇರವಾಗಿ ಬೇಕಾದ ಕೆಲವು ಮಾತುಗಳಿವೆ. ಜಾಗದ ಗಡಿ, ಯಾರಿಗೆ ಹಕ್ಕು ಅನ್ನುವುದು ಸ್ಪಷ್ಟ ಇರಬೇಕು. ನಿಯಮದ ಬಿಸಿ ತಟ್ಟುವವರು ಅದನ್ನು ಬದಲಿಸುವ ಮಾತಿನಲ್ಲೂ ಇರಬೇಕು. ಕಾವಲು ಕಾಯುವವರು ಬಳಸುವವರಿಗೆ ಉತ್ತರ ಹೇಳುವಂತಿರಬೇಕು. ಮೊದಲ ತಪ್ಪಿಗೆ ಸಣ್ಣ ಶಿಕ್ಷೆ, ಮತ್ತೆ ಮತ್ತೆ ಮಾಡಿದರೆ ದೊಡ್ಡದು. ಜಗಳ ಬಂದರೆ ಹತ್ತಿರದಲ್ಲೇ, ಖರ್ಚಿಲ್ಲದೆ ಮುಗಿಸುವ ಜಾಗ ಇರಬೇಕು. ಕೊನೆಯದನ್ನು ಸಮಿತಿಗಳು ಸುಮ್ನೆ ಬಿಟ್ಟುಬಿಡುತ್ತವೆ. ಬಿಡಬೇಡಿ. ಒಂದು ಹೊರೆ ಸೌದೆಗೆ ಯಾರೂ ಕೋರ್ಟು ಅಲೆಯಬಾರದು.

ಕಾಡು, ನೆಲದ ಜನ, ನಡೆಯಲು ಬರುವವರು ಮೂರೂ ಒಂದೇ ಕಡೆ ಸಿಕ್ಕಿಕೊಂಡಾಗ ಏನಾಗುತ್ತದೆ ಅನ್ನುವುದಕ್ಕೆ ನ್ಯೂಜಿಲೆಂಡಿನ ವೈಟಾಕೆರೆ ಬೆಟ್ಟಗಳನ್ನು ನೋಡಿ. ಅಲ್ಲಿನ ಕೌರಿ ಮರಗಳಿಗೆ ಬೇರಿನಿಂದ ಹತ್ತುವ ಒಂದು ರೋಗ ಬಂತು. ಮರ ಸಾಯುತ್ತದೆ, ಔಷಧಿಯಿಂದ ಪೂರ್ತಿ ವಾಸಿ ಮಾಡಲು ಆಗುವುದಿಲ್ಲ. ರೋಗ ಹರಡುವುದು ಮಣ್ಣಿನಿಂದ. ಬೂಟಿನ ಅಡಿಗೆ ಅಂಟಿದ ಚಿಟಿಕೆ ಮಣ್ಣು ಸಾಕು. ಆ ನೆಲದ ಮೂಲ ಜನ, ತೆ ಕವೆರವು ಆ ಮಾಕಿ ಕುಲದವರು, 2017ರ ಡಿಸೆಂಬರ್‌ನಲ್ಲಿ ತಮ್ಮ ಸಂಪ್ರದಾಯದಂತೆ ಕಾಡಿಗೆ ಪ್ರವೇಶ ಬೇಡ ಅಂತ ಘೋಷಿಸಿದರು. ನಗರಸಭೆ ಹಿಂದೆಮುಂದೆ ನೋಡಿತು. 2018ರಲ್ಲಿ ಅದೂ ಕಾಡಿನ ಭಾಗವನ್ನು ಮುಚ್ಚಿತು. ನಡೆಯಲು ಬರುವವರಿಗೆ ಬೇಸರ ಆಯಿತು. ಆಮೇಲೆ ಒಂದೊಂದೇ ಹಾದಿಯನ್ನು ದುರಸ್ತಿ ಮಾಡಿದರು. ಬೇರಿನ ಮೇಲೆ ಕಾಲು ಬೀಳದಂತೆ ಹಲಗೆ ಸೇತುವೆ ಕಟ್ಟಿದರು, ಕೆಸರಿದ್ದ ಕಡೆ ಜಲ್ಲಿ ಹಾಕಿದರು. ಹಾದಿಯ ಬಾಯಲ್ಲಿ ಬ್ರಷ್, ಪಕ್ಕದಲ್ಲಿ ಸೋಂಕು ಕಳೆಯುವ ದ್ರಾವಣ. ಬೂಟಿನ ಅಡಿ ಉಜ್ಜಿ, ದ್ರಾವಣದ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು. ಸರಿಯಾದ ಹಾದಿಗಳನ್ನು ಒಂದೊಂದಾಗಿ ತೆರೆದರು. ಮೊದಲು ಬಾಗಿಲು ಹಾಕಿದವರು ನೆಲದ ಜನ. ವಿಜ್ಞಾನ ಅವರ ಮಾತಿಗೆ ಜೊತೆ ನಿಂತಿತು.

ದುಡ್ಡಿನ ಮಾತು ಚಿಕ್ಕದಾಗಿ. ನೋಡಲು ಬಂದವರಿಂದ ಶುಲ್ಕ ತಗೊಂಡರೆ ಅದರ ಒಂದು ಪಾಲು ಸುತ್ತಲಿನ ಜನರಿಗೆ ಹೋಗಬೇಕು, ಆ ಪಾಲು ಬರಹದಲ್ಲಿ ಇರಬೇಕು. ರುವಾಂಡಾ ತನ್ನ ರಾಷ್ಟ್ರೀಯ ಉದ್ಯಾನಗಳ ಪ್ರವಾಸೋದ್ಯಮದ ಆದಾಯದಲ್ಲಿ 2005ರಿಂದ ಶೇಕಡಾ 5ನ್ನು ಸುತ್ತಲಿನವರಿಗೆ ಅಂತ ಎತ್ತಿಟ್ಟಿತು, 2017ರಲ್ಲಿ ಅದನ್ನು ಶೇಕಡಾ 10ಕ್ಕೆ ಏರಿಸಿತು. ಅಲ್ಲಿ ಶಾಲೆ, ನೀರು ಇಂಥದ್ದಕ್ಕೆ ಆ ಹಣ ಹೋಗುತ್ತದೆ. ಆದರೆ ನೆನಪಿಡಿ, ದುಡ್ಡು ಹಕ್ಕಿಗೆ ಬದಲಿ ಅಲ್ಲ. ಸೌದೆ ನಿಲ್ಲಿಸಿ ಶಾಲೆಗೆ ಬಣ್ಣ ಬಳಿದರೆ ಸಂಜೆ ಒಲೆ ಉರಿಯುವುದಿಲ್ಲ.

ಈಗ ನಿಮ್ಮ ‘ಮೂರು ಪಾಲು’ ಪ್ರಶ್ನೆಗೆ ಬರುತ್ತೇನೆ. ಜಾಗವನ್ನು ವಲಯಗಳಾಗಿ ನೋಡುವುದು ಸರಿ. ಸಮ ಪಾಲು ಮಾಡುವುದು ತಪ್ಪು. ಮೊಟ್ಟೆ ಇಡುವ ದಂಡೆ ನೂರು ಅಡಿ ಇರಬಹುದು. ಅದನ್ನು ಅದರ ಕಾಲದಲ್ಲಿ ಪೂರ್ತಿ ಬಿಡಬೇಕು. ಅಲ್ಲಿ ರಾಜಿ ಬೇಡ. ಗುಡ್ಡದ ಗಟ್ಟಿ ನೆತ್ತಿಯಲ್ಲಿ ಹಾದಿ ಇರಲಿ. ಹುಲ್ಲು ಇರುವ ಬಯಲಿಗೆ ದನ ಬರಲಿ, ಅದೇ ಬಯಲಿನಲ್ಲಿ ನಡೆಯುವವರೂ ಹೋಗಲಿ. ಎಲ್ಲವನ್ನೂ ಬೇರೆ ಬೇರೆ ಮಾಡಬೇಕಿಲ್ಲ. ಡಿಕ್ಕಿ ಹೊಡೆಯುವುದನ್ನು ಮಾತ್ರ ಬೇರೆ ಮಾಡಿ. ವೇಗವಾಗಿ ಇಳಿಯುವ ಸೈಕಲ್ಲು, ಕರು ಜೊತೆಗಿರುವ ಹಸು ಒಂದೇ ಇಕ್ಕಟ್ಟು ಹಾದಿಯಲ್ಲಿ ಇರಬಾರದು, ಅಷ್ಟೇ.

ಎಷ್ಟು ಹುಡುಕಿದರೂ ಎಲ್ಲರಿಗೂ ಹೊಂದುವ ದಾರಿ ಸಿಗದೇ ಇರಬಹುದು. ಆಗ ಏನು? ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಒಮ್ಮೆ ಹೋದರೆ ಮರಳಿ ಬಾರದ್ದು ಮೊದಲು. ಅಪರೂಪದ ಜೀವಿ, ನೀರಿನ ಸೆಲೆ, ಹಳೆಯ ಮರ. ಅದರ ನಂತರ ಬದುಕಿಗೆ ಬೇರೆ ದಾರಿ ಇಲ್ಲದವರ ಅಗತ್ಯ. ಆಮೇಲೆ ವಿಹಾರ. ವಿಹಾರ ಸಣ್ಣದು ಅಂತ ಅಲ್ಲ. ಮಗುವೊಂದು ಮೊದಲ ಸಲ ಮಿಂಚುಳ್ಳಿಯನ್ನು ಕಂಡ ಬೆಳಿಗ್ಗೆ ಮುಂದೆ ಆ ಕೆರೆಗೆ ಬೆಂಬಲವಾಗುತ್ತದೆ. ಆದರೆ ನಡೆಯುವವರು ಪಕ್ಕದ ಹಾದಿಗೆ ಹೋಗಬಹುದು. ಹಕ್ಕಿ ಗೂಡನ್ನು, ಬಡವರು ಒಲೆಯನ್ನು ಅಷ್ಟು ಸುಲಭವಾಗಿ ಬೇರೆ ಕಡೆ ಒಯ್ಯಲಾರರು. ಮೇವು–ಸೌದೆಯನ್ನು ಎಲ್ಲೋ ಒಂದು ಕಡೆ ತಡೆಯಲೇಬೇಕು ಅಂತಾದರೆ ಬದಲಿ ಏರ್ಪಾಡು ಮೊದಲು ಬರಲಿ, ಬೋರ್ಡು ಆಮೇಲೆ.

ಮುಂದಿನ ಸಭೆಯನ್ನು ಕೋಣೆಯಲ್ಲಿ ಮಾಡಬೇಡಿ. ಮೂರೂ ಗುಂಪಿನಿಂದ ಇಬ್ಬಿಬ್ಬರು ಗುಡ್ಡಕ್ಕೆ ಹೋಗಿ. ಒಂದು ದೊಡ್ಡ ನಕ್ಷೆ, ಮೂರು ಬಣ್ಣದ ಪೆನ್ನು, ಒಂದು ಅಳತೆ ಟೇಪು ಇರಲಿ. ಮೇವಿಗೆ ಬರುವ ಒಬ್ಬ ಹೆಂಗಸು ತಪ್ಪದೆ ಇರಲಿ. ಸೌದೆ, ಸೊಪ್ಪು, ನೀರು ಎಲ್ಲಿ ಯಾವ ತಿಂಗಳು ಸಿಗುತ್ತದೆ ಅನ್ನುವುದು ಎಷ್ಟೋ ಕಡೆ ಹೆಂಗಸರಿಗೇ ಚೆನ್ನಾಗಿ ಗೊತ್ತಿರುತ್ತದೆ. ಪ್ರತಿಯೊಬ್ಬರೂ ತಮಗೆ ಬಿಟ್ಟುಕೊಡಲು ಆಗದ ಜಾಗವನ್ನು ತಮ್ಮ ಬಣ್ಣದಲ್ಲಿ ಗುರುತು ಮಾಡಲಿ. ಬಣ್ಣ ಮೇಲೆ ಮೇಲೆ ಬೀಳುವ ಜಾಗ ನೀವು ಅಂದುಕೊಂಡದ್ದಕ್ಕಿಂತ ಸಣ್ಣದಿರುತ್ತದೆ. ನಿಮ್ಮ ನಿಜವಾದ ಕೆಲಸ ಅಷ್ಟರಲ್ಲೇ ಇದೆ.

ಅಲ್ಲೇ ನಿಂತು ಅಳೆಯಬಹುದಾದ ನಾಲ್ಕೈದು ಗುರುತು ಆರಿಸಿಕೊಳ್ಳಿ: ಹಾದಿಯ ಅಗಲ, ಹೊಸ ಅಡ್ಡದಾರಿಗಳ ಲೆಕ್ಕ, ಕೆರೆದಂಡೆಯ ಗೂಡುಗಳು, ಮೊಣಕಾಲೆತ್ತರಕ್ಕೆ ಬಂದ ಸಸಿಗಳು, ಸೌದೆಗೆ ನಡೆಯಬೇಕಾದ ಹೊತ್ತು. ಕೊನೆಯದು ವಿಜ್ಞಾನಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮದರಲ್ಲಿ ಇರಲಿ. ಪ್ರತಿ ಗುರುತಿಗೂ ‘ಇಷ್ಟಾದರೆ ಇದನ್ನು ಮಾಡುತ್ತೇವೆ’ ಅಂತ ಮೊದಲೇ ಬರೆದಿಡಿ. ಹಾದಿ ನಾಲ್ಕು ಅಡಿ ದಾಟಿದರೆ ಕಲ್ಲು ಹಾಸುತ್ತೇವೆ, ಆಗಲೂ ನಿಲ್ಲದಿದ್ದರೆ ಮಳೆಗಾಲ ಮುಗಿಯುವವರೆಗೆ ಮುಚ್ಚುತ್ತೇವೆ, ಹೀಗೆ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಅದೇ ಜಾಗದಲ್ಲಿ ಅಳೆಯಿರಿ. ಅದೇ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಯಿರಿ. ಅಳೆಯುವಾಗ ಟೇಪಿನ ಒಂದು ತುದಿ ಚಾರಣಿಗರ ಕೈಯಲ್ಲಿ, ಇನ್ನೊಂದು ತುದಿ ದನ ಕಾಯುವವರ ಕೈಯಲ್ಲಿ ಇರಲಿ.

ದಿನಕ್ಕೆ ಎಷ್ಟು ಜನ ಅನ್ನುವುದನ್ನು ಎರಡು ಮಳೆಗಾಲ ಹೀಗೆ ಅಳೆದ ಮೇಲೆ ಮಾತಾಡಿ. ಆಗಲೂ ಮಿತಿ ಬೇಕು ಅನಿಸಿದರೆ ಹಾಕಿ. ಯಾಕೆ ಅಷ್ಟು ಅಂತ ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಅಳತೆ, ಫೋಟೊ ಇರುತ್ತವೆ.